ಪರದೆಯ ಒಳಗೆ ಹೇಳಿದ್ದು

ಹೊಸಪೇಟೆಯಲ್ಲಿ ನನ್ನನ್ನು ಬಹಳ ಮಂದಿ ಕರೆಯುವುದು 'ಕರೆಂಟ್ ಮೇಡಂ' ಎಂದೇ. ನಾನು ಫಿಜಿಯೋಥೆರಪಿಸ್ಟ್. ಬೆನ್ನು, ಮೊಣಕಾಲು, ಕುತ್ತಿಗೆ ಹಿಡಿದುಕೊಂಡು ಬಂದವರಿಗೆ ವ್ಯಾಯಾಮ ಹೇಳಿಕೊಡುವುದು ನನ್ನ ಕೆಲಸ. ನೋವಿನ ಜಾಗಕ್ಕೆ ಪ್ಯಾಡ್ ಅಂಟಿಸಿ ಜುಮುಜುಮು ಎನ್ನಿಸುವ ಯಂತ್ರ ಅದರಲ್ಲಿ ಒಂದು ಸಣ್ಣ ಭಾಗ. ಆದರೆ ಬಂದವರಿಗೆ ನೆನಪು ಉಳಿಯುವುದು ಆ ಯಂತ್ರವೇ. "ಇವತ್ತು ಕರೆಂಟ್ ಕೊಡಂಗಿಲ್ಲೇನ್ರಿ?" ಎಂದು ಕೇಳಿ, ಕೊಡದಿದ್ದರೆ ಮೋಸವಾಯಿತೆಂಬಂತೆ ಮುಖ ಮಾಡುತ್ತಾರೆ.

ಔಷಧಿ ಅಂಗಡಿಯೊಂದರ ಮೇಲಿನ ಮಹಡಿಯಲ್ಲಿ ಎರಡು ಕೋಣೆ. ಹೊರಗಿನದರಲ್ಲಿ ಬೆಂಚು, ಮೇಜು, ರಿಜಿಸ್ಟರು. ಒಳಗಿನದರಲ್ಲಿ ಎರಡು ಮಂಚ, ನಡುವೆ ನೀಲಿ ಪರದೆ. ಹೊರಗಿನ ಮೇಜಿಗೆ ಕೂರುತ್ತಿದ್ದವರು ಸಂಡೂರಿನ ಕಡೆಯಿಂದ ದಿನಾ ಬಸ್ಸಿನಲ್ಲಿ ಬರುತ್ತಿದ್ದ ಒಬ್ಬ ಹೆಂಗಸು. ಅವರ ಗಂಡ ಯಶವಂತನಗರದ ಕಡೆ ಗಣಿಯಲ್ಲಿ ಕೆಲಸಕ್ಕಿದ್ದರು. ನನಗಿಂತ ನಾಲ್ಕೈದು ವರ್ಷ ದೊಡ್ಡವರು. ನಾನು ಅವರನ್ನು ಅಕ್ಕ ಎನ್ನುತ್ತಿದ್ದೆ, ಅವರು ನನ್ನನ್ನು ಮೇಡಂ ಎನ್ನುತ್ತಿದ್ದರು. ಎಂಟು ವರ್ಷ ಹಾಗೆ ನಡೆದಿತ್ತು. ಯಾರಿಗೆ ಮೆಟ್ಟಿಲು ಹತ್ತಲು ಆಗುವುದಿಲ್ಲ, ಯಾರ ಮುಂದೆ ಯಾರನ್ನು ಕೂರಿಸಬಾರದು, ಯಾರು ವ್ಯಾಯಾಮ ಮಾಡದೇ ಮಾಡಿದೆನೆಂದು ಸುಳ್ಳು ಹೇಳುತ್ತಾರೆ, ಎಲ್ಲ ಅವರಿಗೆ ಗೊತ್ತಿರುತ್ತಿತ್ತು.

ನನ್ನದು ಮೊದಲಿನಿಂದಲೂ ಅನುಮಾನದ ಸ್ವಭಾವ. ಅಪ್ಪ ಲಾರಿ ತೂಕದ ಕಟ್ಟೆಯಲ್ಲಿ ಗುಮಾಸ್ತರಾಗಿದ್ದರು. ತುಂಬಿದ ಲಾರಿಯನ್ನು ಒಮ್ಮೆ ತೂಗಿದರೆ ಅವರಿಗೆ ಸಮಾಧಾನವಿಲ್ಲ, ಹಿಂದಕ್ಕೆ ತೆಗೆಸಿ ಮತ್ತೆ ಹತ್ತಿಸುತ್ತಿದ್ದರು. ನನ್ನ ವೃತ್ತಿಯೂ ಅದನ್ನೇ ಕಲಿಸಿತು. ಭುಜ ನೋವೆಂದವರ ಕುತ್ತಿಗೆ ನೋಡು, ಮೊಣಕಾಲೆಂದವರ ಸೊಂಟ ನೋಡು. ತೋರಿಸಿದ ಜಾಗದಲ್ಲಿ ರೋಗ ಇರಲೇಬೇಕೆಂದಿಲ್ಲ. ಈ ಪಾಠವನ್ನು ನಾನು ರೋಗಿಗಳ ಮಟ್ಟಿಗೆ ಚೆನ್ನಾಗಿಯೇ ಬಳಸಿದೆ. ನನ್ನ ಮಟ್ಟಿಗೆ ಬಳಸಲಿಲ್ಲ.

ಕೆಲವು ವರ್ಷಗಳ ಹಿಂದೆ ನಮ್ಮದೇ ರಸ್ತೆಯಲ್ಲಿ ಇನ್ನೊಂದು ಫಿಜಿಯೋಥೆರಪಿ ಕ್ಲಿನಿಕ್ ಬಂತು. ನೆಲ ಮಹಡಿ, ದೊಡ್ಡ ಗಾಜು, ಹೊರಗೆ ಬಣ್ಣದ ದೀಪ. ನಡೆಸುವವರು ದಾವಣಗೆರೆ ಕಡೆಯಿಂದ ಬಂದ ವೈದ್ಯರು, ನನಗಿಂತ ಕಿರಿಯರು. ಅವರ ವಿಡಿಯೋಗಳು ದಿನಾ ಬರುತ್ತಿದ್ದವು. ಯಾರದೋ ಕುತ್ತಿಗೆಯನ್ನು ಲಟಕ್ಕನೆ ತಿರುಗಿಸುವುದು, ಆ ಮನುಷ್ಯ ಎದ್ದು ನಗುವುದು. ನನ್ನ ಬೆಂಚು ನಿಧಾನವಾಗಿ ಖಾಲಿಯಾಗತೊಡಗಿತು. ಒಂದು ದಿನ, ಅದಿರು ಲಾರಿ ಓಡಿಸುವ ನನ್ನ ಹಳೆಯ ರೋಗಿಯೊಬ್ಬ ಸೊಂಟಕ್ಕೆ ಬಿಸಿ ಪ್ಯಾಕ್ ಇಟ್ಟುಕೊಂಡು ಮಲಗಿದ್ದವನು ಹೇಳಿದ.

"ಮೇಡಂ, ನಮ್ಮ ಕ್ಲೀನರಿಗೆ ನಿಮ್ಮ ಅಡ್ರೆಸ್ ಕಳಿಸಾಣ ಅಂತ ಹುಡುಕಿದ್ನಿ. ಫೋನ್ನ್ಯಾಗ ನೀವು ಇಲ್ಲೇ ಇಲ್ರಿ. ಆ ಗಾಜಿನ ದವಾಖಾನಿನ ಬರ್ತೈತಿ."

ಹದಿನಾಲ್ಕು ವರ್ಷ ಇದೇ ಊರಿನಲ್ಲಿ ಇದ್ದವಳು ಇಲ್ಲವೇ ಇಲ್ಲ ಎಂದು ಫೋನು ಹೇಳುತ್ತದೆಂದರೆ ಸಂಕಟವಾಯಿತು.

ಪರಿಚಯದವರು ಒಬ್ಬರನ್ನು ಹೇಳಿದರು. ನಲವತ್ತರ ಆಸುಪಾಸಿನವರು. ಮೊದಲು ಹಂಪಿಯಲ್ಲಿ ಗೈಡ್ ಆಗಿದ್ದವರು, ಪ್ರವಾಸಿಗರು ಬರುವುದು ನಿಂತುಹೋದ ಸಮಯದಲ್ಲಿ ಕಡ್ಡಿರಾಂಪುರದ ಹೋಂಸ್ಟೇಗಳಿಗೆ ಫೇಸ್‌ಬುಕ್ಕು, ಇನ್‌ಸ್ಟಾಗ್ರಾಮ್ ಪೇಜು ನೋಡಿಕೊಳ್ಳಲು ಶುರುಮಾಡಿ, ಈಗ ಅದನ್ನೇ ಕಸುಬು ಮಾಡಿಕೊಂಡಿದ್ದರು. ಬಂದವರು ಕ್ಲಿನಿಕ್ಕಿನ ಗೋಡೆ, ಮಂಚ, ನನ್ನ ಮುಖ ಎಲ್ಲವನ್ನೂ ಅಳೆಯುವಂತೆ ನೋಡಿದರು. ನಾನು ಆಗಲೇ ಬರೆದಿಟ್ಟುಕೊಂಡಿದ್ದ ಬರಹ ಕೊಟ್ಟೆ: ಕುಳಿತುಕೊಳ್ಳುವ ಸರಿಯಾದ ಕ್ರಮ. ಓದಿ ಮಡಚಿ ಮೇಜಿನ ಮೇಲಿಟ್ಟರು.

"ಇದು ಛಲೋ ಐತ್ರಿ. ಆದ್ರ ಯಾರೂ ಓದಂಗಿಲ್ಲ. ಬೆನ್ನೆಲುಬಿನ ಚಿತ್ರ ಯಾರು ನೋಡ್ತಾರ್ರಿ? ಮನಷ್ಯಾರ ಕತಿ ಬರೀರಿ. ದಿನಾ ಎಷ್ಟು ಮಂದಿ ಬರ್ತಾರ ನಿಮ್ಮ ಕಡೆ. ಒಬ್ಬೊಬ್ಬರ ಹಿಂದ ಒಂದೊಂದು ಕತಿ."

"ರೋಗಿಗಳ ವಿಷಯ ಬರೆಯಬಾರದಲ್ಲ?" ಎಂದೆ.

"ಹೆಸರು ಹಾಕಂಗಿಲ್ಲಲ್ರಿ. ಯಾರಿಗೆ ಗೊತ್ತಾಗ್ತೈತಿ?"

ಮುಂದಿನ ಭಾನುವಾರ ನನ್ನನ್ನು ಹಂಪಿಗೆ ಕರೆದೊಯ್ದು ಬಂಡೆಗಳ ಮುಂದೆ ಭುಜದ ವ್ಯಾಯಾಮ ಮಾಡಿಸಿ ಫೋಟೋ ತೆಗೆದರು. ಕೈ ಮೇಲೆತ್ತಿ ನಿಂತಿದ್ದಾಗ ಕಾವಲಿನವನು ದೂರದಿಂದ ಸೀಟಿ ಊದಿದ. ಶಾಲೆಯ ಪ್ರವಾಸಕ್ಕೆ ಬಂದಿದ್ದ ಮಕ್ಕಳು ನನ್ನ ಹಿಂದೆ ನಿಂತು ಹಾಗೆಯೇ ಕೈ ಎತ್ತಿದರು. "ಮೇಡಂ, ನಿಮ್ಮ ಮುಖದಾಗ ಅನುಮಾನ ಕಾಣ್ತೈತಿ, ಸ್ವಲ್ಪ ನಗ್ರಿ" ಎಂದರು ಪೇಜಿನವರು. ನಕ್ಕೆ. ಆ ಫೋಟೋ ಇವತ್ತಿಗೂ ನನ್ನ ಪೇಜಿನ ಮೇಲಿದೆ. ನನಗೇ ನನ್ನ ಗುರುತು ಹತ್ತುವುದಿಲ್ಲ.

ಬ್ಲಾಗು ಶುರುವಾಯಿತು. ವಾರಕ್ಕೆರಡು ಬರಹ, ಅದರದೇ ತುಣುಕು ಫೇಸ್‌ಬುಕ್ಕಿಗೆ, ಲಿಂಕು ವಾಟ್ಸಾಪ್ ಸ್ಟೇಟಸ್ಸಿಗೆ. ಮೊದಲ ಆರೇಳು ಬರಹಗಳನ್ನು ಓದಿದವರು ನನ್ನ ಬಳಗದವರು ಮಾತ್ರ. ನನ್ನ ಅತ್ತಿಗೆ ಪ್ರತಿಯೊಂದಕ್ಕೂ ಒಂದು ಹೂವಿನ ಗುರುತು ಹಾಕುತ್ತಿದ್ದರು. ಆಗ ನಾನು ಕಂಪ್ಲಿಯಿಂದ ಬರುತ್ತಿದ್ದ ಒಬ್ಬ ಹೆಂಗಸಿನ ಬಗ್ಗೆ ಬರೆದೆ.

ಅವರು ಭತ್ತದ ನಾಟಿಗೆ ಹೆಣ್ಣಾಳುಗಳನ್ನು ಕೂಡಿಸಿ ಕರೆದೊಯ್ಯುವ ಗುಂಪಿನ ಹಿರಿಯರು. ಕಾಲುವೆಗೆ ನೀರು ಬಿಟ್ಟರೆಂದರೆ ಯಾವ ಗದ್ದೆಗೆ ಯಾವ ದಿನ ಎಂದು ನಿರ್ಧಾರ ಮಾಡುವವರು ಅವರೇ. ಬೆನ್ನುನೋವೆಂದು ಬಂದಿದ್ದರು. ಮೂರನೇ ಸಲ ಬಂದಾಗ, ಪರದೆ ಎಳೆದ ಮೇಲೆ, ಇನ್ನೊಂದು ಮಂಚದಲ್ಲಿ ಯಾರಿದ್ದಾರೆಂದು ಇಣುಕಿ ನೋಡಿ, ಯಾರೂ ಇಲ್ಲವೆಂದು ಖಾತ್ರಿಯಾದ ಮೇಲೆ ಬೇರೆ ಮಾತು ಹೇಳಿದರು. ಕೆಮ್ಮಿದರೆ, ನಕ್ಕರೆ, ಭಾರ ಎತ್ತಿದರೆ ಮೂತ್ರ ನಿಲ್ಲುವುದಿಲ್ಲ. ಕೊನೆಯ ಹೆರಿಗೆಯಾದಾಗಿನಿಂದ ಹೀಗೆ. ಗಂಡನಿಗೆ ಹೇಳಿಲ್ಲ, ಮಗಳಿಗೆ ಹೇಳಿಲ್ಲ, ಯಾವ ಡಾಕ್ಟರಿಗೂ ಹೇಳಿಲ್ಲ.

"ಗದ್ದ್ಯಾಗ ನಿಂತಾಗ ಚಿಂತಿಲ್ರಿ. ಅಲ್ಲಿ ಎಲ್ಲಾರ ಸೀರಿನೂ ತೊಯ್ದಿರ್ತಾವು. ಗಾಡ್ಯಾಗ ಕುಂತಾಗ ಚಿಂತಿ" ಎಂದರು.

ಆದ್ದರಿಂದ ಅವರು ಕೂರುತ್ತಲೇ ಇರಲಿಲ್ಲ. ಗುಂಪಿನವರೆಲ್ಲ ಮೂರು ಗಾಲಿಯ ಟಂಟಂ ಗಾಡಿಯೊಳಗೆ ಒತ್ತಿಕೊಂಡು ಕುಳಿತರೆ ಇವರು ಹಿಂದೆ ಕಂಬಿ ಹಿಡಿದು ನಿಂತೇ ಹೋಗುವರು. ಹಿರಿಯಳಾಗಿ ತನ್ನ ಜಾಗ ಬಿಟ್ಟುಕೊಡುತ್ತಾಳೆ, ಎಷ್ಟು ದೊಡ್ಡ ಮನಸ್ಸು ಎಂದು ಉಳಿದವರ ಭಾವನೆ.

ಇದು ಸಾವಿರಾರು ಹೆಂಗಸರಿಗೆ ಇರುವ ತೊಂದರೆ. ಹೊಟ್ಟೆಯ ತಳದ ಸ್ನಾಯು ಸಡಿಲವಾಗಿರುತ್ತದೆ. ಬಿಗಿ ಹಿಡಿದು ಬಿಡುವ ವ್ಯಾಯಾಮವನ್ನು ತಪ್ಪದೆ ಮಾಡಿದರೆ ಬಹಳ ಮಂದಿಗೆ ಹಿಡಿತಕ್ಕೆ ಬರುತ್ತದೆ. ಅವರಿಗೂ ಬಂತು. ಮೂರ್ನಾಲ್ಕು ತಿಂಗಳಾದ ಮೇಲೆ ಒಂದು ದಿನ ಬಂದು, ಮಂಚದ ತುದಿಗೆ ಕುಳಿತು ಬೇಕೆಂದೇ ಜೋರಾಗಿ ಕೆಮ್ಮಿ, ನನ್ನ ಮುಖ ನೋಡಿದರು. ಇಬ್ಬರೂ ನಕ್ಕೆವು.

ನಾನು ಬರೆದದ್ದು ಇದನ್ನೆಲ್ಲ. ಹೆಸರು ಹಾಕಲಿಲ್ಲ, ವಯಸ್ಸು ಬದಲಾಯಿಸಿದೆ. ಗದ್ದೆಯ ಆ ಮಾತನ್ನೇ ತಲೆಬರಹ ಮಾಡಿದೆ. ಟಂಟಂ ಹಿಂದೆ ನಿಂತು ಹೋಗುವುದನ್ನೂ ಬರೆದೆ, ಅದೇ ಬರಹದ ಚೆಂದದ ಭಾಗವೆಂದು ಅಂದುಕೊಂಡೆ. ಬರೆಯುವಾಗ ಕಣ್ಣು ತೇವವಾಗಿತ್ತು. ಅದಕ್ಕೇ ಬರೆದದ್ದು ಸರಿಯೆಂದು ನಂಬಿದೆ.

ಆ ಬರಹ ಓಡಿತು. ಎಲ್ಲೆಲ್ಲಿಂದಲೋ ಫೋನು. ದನಿ ತಗ್ಗಿಸಿ ಮಾತಾಡುವ ಹೆಂಗಸರು, "ನಂದೂ ಹಂಗ ಐತ್ರಿ" ಎನ್ನುವವರು. ಬೆಂಚಿನಲ್ಲಿ ಮತ್ತೆ ಜನ ಕುಳಿತರು. ಪೇಜಿನವರು, "ನಾ ಹೇಳಿದ್ನಿಲ್ರಿ?" ಎಂದು ನಕ್ಕರು.

ಒಂದು ವಾರದ ನಂತರ ಅಕ್ಕ ರಿಜಿಸ್ಟರು ತಂದುಕೊಟ್ಟು ಅಲ್ಲೇ ನಿಂತರು.

"ಮೇಡಂ, ಆ ಕಂಪ್ಲಿ ಅಕ್ಕಂದು ಬರದೀರಲ್ಲ, ಅದನ್ನ ತೆಗೀಬೌದೇನ್ರಿ?"

"ಯಾಕ?"

"ಸುಮ್ನ ಕೇಳಿದ್ನಿ. ಯಾಕೋ ಸರಿ ಅನಿಸ್ಲಿಲ್ಲ."

"ಅದರಿಂದಲೇ ಇಷ್ಟು ಹೆಣ್ಣುಮಕ್ಕಳು ಬರ್ತಾ ಇದ್ದಾರಲ್ಲ ಅಕ್ಕ" ಎಂದೆ. ಅವರು ಮತ್ತೇನೂ ಹೇಳದೆ ಹೋದರು. ನಾನೂ ಮತ್ತೇನೂ ಕೇಳಲಿಲ್ಲ.

ಮೊದಲ ಕಾಮೆಂಟು ಬಂದದ್ದು ಅದಾದ ಎರಡು ದಿನಕ್ಕೆ. ಗಿಳಿಯ ಚಿತ್ರವಿದ್ದ ಖಾತೆ, ಹೆಸರಿನ ಜಾಗದಲ್ಲಿ ಎರಡು ಅಕ್ಷರ ಅಷ್ಟೇ. 'ಆ ಅಮ್ಮ ಈಗ ಹೇಗಿದ್ದಾರೆ?'

ಕೈ ಮುಗಿಯುವ ಗುರುತು ಹಾಕಿ, ಪೂರ್ತಿ ಗುಣವಾಗಿದ್ದಾರೆ ಎಂದು ಉತ್ತರಿಸಿದೆ.

'ನೀವು ಅವರನ್ನು ನೋಡಿ ಎಷ್ಟು ದಿನವಾಯಿತು?'

ಇದಕ್ಕೆ ಉತ್ತರ ಕೊಡಲಿಲ್ಲ. ಮರುದಿನ ಇನ್ನೊಂದು: 'ಬರೆಯುವ ಮೊದಲು ಅವರನ್ನು ಕೇಳಿದಿರಾ?'

ಅಳಿಸಿಹಾಕಿದೆ. ಯಾರಿದು? ಒತ್ತಕ್ಷರ ತಪ್ಪಿಲ್ಲದ, ಪ್ರಶ್ನೆಯ ಚಿಹ್ನೆಯನ್ನೂ ಬಿಡದ ಕನ್ನಡ. ರೋಗಿಗಳಲ್ಲಿ ಯಾರೂ ಹೀಗೆ ಬರೆಯುವುದಿಲ್ಲ. ಮೊದಲು ಮನಸ್ಸಿಗೆ ಬಂದದ್ದು ಗಾಜಿನ ಕ್ಲಿನಿಕ್ಕಿನವರು. ನನ್ನ ಬೆಂಚು ತುಂಬಿದ್ದು ಅವರಿಗೆ ಹಿಡಿಸಿಲ್ಲ, ಅದಕ್ಕೆ ಈ ಚುಚ್ಚು. ಅವರ ಹಳೆಯ ಪೋಸ್ಟುಗಳನ್ನೆಲ್ಲ ತೆಗೆದು, ಕಾಮೆಂಟಿನ ಕನ್ನಡಕ್ಕೂ ಅವರ ಕನ್ನಡಕ್ಕೂ ಹೋಲಿಕೆ ಇದೆಯೇ ಎಂದು ಪದ ಪದವಾಗಿ ನೋಡಿದೆ. ಮಾರುಕಟ್ಟೆಯಲ್ಲಿ ಎದುರಾದಾಗ ಅವರು "ನಮಸ್ಕಾರ ಮೇಡಂ" ಎಂದರು. ಆ ನಮಸ್ಕಾರದಲ್ಲಿ ಏನಿತ್ತು ಎಂದು ಮನೆಯವರೆಗೂ ಯೋಚಿಸಿದೆ.

ಲಾರಿ ಚಾಲಕನ ಸೊಂಟದ ಬಗ್ಗೆ ಬರೆದೆ. ಗಿಳಿ ಅಲ್ಲಿಗೂ ಬಂತು: 'ಇವರನ್ನಾದರೂ ಕೇಳಿದಿರಾ?' ಗೂಗಲ್ಲಿನಲ್ಲಿ ನನ್ನ ಕ್ಲಿನಿಕ್ಕಿಗೆ ಒಂದೇ ನಕ್ಷತ್ರ ಬಂತು, ಮಾತಿಲ್ಲದೆ. ನಂತರ ಒಂದು ಬೆಳಿಗ್ಗೆ ಈ ಸಾಲು: 'ನಿಮ್ಮ ಕ್ಲಿನಿಕ್ಕಿನಲ್ಲಿ ಎರಡು ಮಂಚಗಳ ನಡುವೆ ನೀಲಿ ಪರದೆ ಇದೆ. ಅದನ್ನು ಯಾಕೆ ಹಾಕಿದ್ದೀರಿ?'

ಪೇಜಿನ ಯಾವ ಫೋಟೋದಲ್ಲೂ ಪರದೆ ಕಾಣುವುದಿಲ್ಲ. ಒಂದೊಂದಾಗಿ ನೋಡಿ ಖಾತ್ರಿ ಮಾಡಿಕೊಂಡೆ. ಅಂದರೆ ಒಳಗೆ ಬಂದವರು ಯಾರೋ. ಪೇಜಿನವರಿಗೆ ಫೋನು ಮಾಡಿದೆ.

"ಒಳಗಿನವರ ಇರ್ಬೇಕ್ರಿ. ನಿಮ್ಮ ಸ್ಟಾಫ್ ಮ್ಯಾಲ ಸ್ವಲ್ಪ ಕಣ್ಣಿಡ್ರಿ. ಹೋಟೆಲ್ನ್ಯಾಗೂ ಹಿಂಗ ಆಗ್ತಾವು, ನಾ ಭಾಳ ನೋಡೀನಿ" ಎಂದರು.

ಆ ಮಾತು ಕಿವಿಯಲ್ಲಿ ಕುಳಿತಿತು. ನನ್ನ ಸ್ಟಾಫು ಎಂದರೆ ಒಬ್ಬರೇ. ಕಣ್ಣಿಟ್ಟೆ. ಕಣ್ಣಿಟ್ಟ ಮೇಲೆ ಎಲ್ಲವೂ ಕಾಣತೊಡಗಿತು. ಅಕ್ಕ ಫೋನು ನೋಡುತ್ತಿದ್ದಾಗ ನಾನು ಹೊರಬಂದರೆ ಅದನ್ನು ಬೋರಲು ಇಡುತ್ತಿದ್ದರು. ಕರೆ ಬಂದರೆ ಮೆಟ್ಟಿಲ ತನಕ ಹೋಗಿ ಮಾತಾಡುತ್ತಿದ್ದರು. ಒಮ್ಮೆ ನಾನು ಬಿಸಿ ಪ್ಯಾಕು ತರಲು ಹೊರಬಂದಾಗ "ಇವತ್ತು ಆಗಂಗಿಲ್ಲ, ನಾಳಿ ಹೇಳ್ತೀನಿ" ಎಂದು ಥಟ್ಟನೆ ಕರೆ ಮುಗಿಸಿದರು. ಅವರ ನಾದಿನಿಯ ಮಗಳು ಗಾಜಿನ ಕ್ಲಿನಿಕ್ಕಿಗೆ ಕೆಲಸ ಕೇಳಿಕೊಂಡು ಹೋಗಿದ್ದಳೆಂದು ಎಂದೋ ಹೇಳಿದ್ದು ನೆನಪಾಯಿತು. ಎರಡೂ ಜೋಡಿಸಿದೆ. ನೋವಿನ ಜಾಗ ಸಿಕ್ಕಿತೆಂದು ಅನ್ನಿಸಿತು.

ಅಕ್ಕ ಕನ್ನಡದಲ್ಲಿ ಟೈಪ್ ಮಾಡುವವರೇ ಅಲ್ಲ. ಏನಿದ್ದರೂ ದನಿ ಮೆಸೇಜು ಕಳಿಸುವವರು. ಅದು ನನಗೆ ಗೊತ್ತಿತ್ತು. ಅನುಮಾನ ಹತ್ತಿದ ಮೇಲೆ ಗೊತ್ತಿರುವುದು ಯಾವುದೂ ಕೆಲಸಕ್ಕೆ ಬರುವುದಿಲ್ಲ.

ಒಂದು ಮಧ್ಯಾಹ್ನ ರೋಗಿಗಳೆಲ್ಲ ಹೋದ ಮೇಲೆ ಅವರು ಊಟದ ಡಬ್ಬಿ ತೊಳೆದು ತಂದರು. ನಾನು ಅವರ ಮೇಜಿನ ಮುಂದೆ ಕುಳಿತಿದ್ದೆ.

"ಅಕ್ಕ, ನನ್ನ ಬಗ್ಗೆ ಫೋನಿನಲ್ಲಿ ಯಾರ ಜೊತೆ ಮಾತಾಡ್ತೀರಿ?"

ಅವರು ಡಬ್ಬಿಯನ್ನು ಚೀಲದಲ್ಲಿ ಇಟ್ಟರು. "ಯಾಕ್ರಿ ಮೇಡಂ?"

"ಕಾಮೆಂಟು ಬರೀತಿರೋದು ಈ ಕೋಣೆ ನೋಡಿದವರು. ಪರದೆಯ ಬಣ್ಣ ಗೊತ್ತಿದ್ದವರು. ನನಗೆ ನಿಮ್ಮ ಫೋನು ತೋರಿಸಿ."

ಅವರ ಮುಖದಲ್ಲಿ ಸಿಟ್ಟು ಇರಲಿಲ್ಲ. ಆಮೇಲೆ ಫೋನು ತೆರೆದು ಮೇಜಿನ ಮೇಲಿಟ್ಟರು.

"ನೋಡ್ರಿ. ನಾ ಬ್ಯಾಡ ಅನ್ನಂಗಿಲ್ಲ. ಆದ್ರ ನೀವು ನೋಡಿದ ಮ್ಯಾಲ ನಾ ಇಲ್ಲಿ ಇರಂಗಿಲ್ಲ. ವಿಚಾರ ಮಾಡಿ ನೋಡ್ರಿ."

ಬೆದರಿಸುತ್ತಿದ್ದಾರೆ ಎಂದು ನನಗೆ ಕಂಡಿತು. ತಪ್ಪಿಲ್ಲದವರಾದರೆ ಈ ಮಾತು ಯಾಕೆ? ಕೈ ಚಾಚಿ ಫೋನು ತೆಗೆದುಕೊಂಡೆ.

ಮೊದಲಿಗೇ ಕಂಪ್ಲಿಯ ನಂಬರು ಇತ್ತು. ಆ ಕಡೆಯಿಂದ ಬರಹ, ಈ ಕಡೆಯಿಂದ ದನಿ. 'ಅಕ್ಕಾ, ಮೇಡಂ ಅವರಿಗೆ ಹೇಳಿದಿರಾ? ಅಮ್ಮ ಮನೆಯಿಂದ ಹೊರಗೆ ಹೋಗುತ್ತಿಲ್ಲ.' ಅದರ ಕೆಳಗಿದ್ದ ಅಕ್ಕನ ದನಿಯನ್ನು ಒತ್ತಿದೆ. ಅವರ ಎದುರಿಗೇ ಅವರ ದನಿ ಆ ಖಾಲಿ ಕೋಣೆಯಲ್ಲಿ ಹೊರಟಿತು: "ಒಮ್ಮೆ ಹೇಳೀನಿ ತಂಗಿ. ಮತ್ತ ಹೇಳ್ತೀನಿ. ಅವರು ಕೆಟ್ಟವರಲ್ಲ. ಅವರಿಗೆ ಗೊತ್ತಾಗಿಲ್ಲ ಅಷ್ಟ. ನೀ ಅದ್ರಾಗ ಬರೀಬ್ಯಾಡ, ಮಂದಿ ಮತ್ತಷ್ಟು ನೋಡ್ತಾರ. ನಾ ಹೇಳಿ ತೆಗಸ್ತೀನಿ."

ತಲೆಯೆತ್ತಿದಾಗ ಅಕ್ಕ ಚೀಲ ಹೆಗಲಿಗೆ ಹಾಕಿಕೊಂಡು ನಿಂತಿದ್ದರು. ಕೈ ಚಾಚಿದರು. ಫೋನು ಕೊಟ್ಟೆ.

"ರಿಜಿಸ್ಟರ್ ಮ್ಯಾಲಿನ ಖಾನ್ಯಾಗೈತಿ. ನಾಳಿ ಹತ್ತಕ್ಕ ಬರೋ ಅಜ್ಜಿಗೆ ಮೆಟ್ಲ ಹತ್ತಾಕ ಆಗಂಗಿಲ್ಲ. ಯಾರನ್ನರ ಕೆಳಗ ಕಳಸ್ರಿ" ಎಂದು ಹೇಳಿ ಹೋದರು.

ಮೊದಲು ಬ್ಲಾಗಿನ ಬರಹ ಅಳಿಸಿದೆ. ಮರುದಿನ ಬೆಳಿಗ್ಗೆ ಅಜ್ಜಿಯನ್ನು ನಾನೇ ಕೆಳಗೆ ಹೋಗಿ ಕೈ ಹಿಡಿದು ಹತ್ತಿಸಿದೆ. ಅವರ ಕೆಲಸ ಮುಗಿಸಿ, ಉಳಿದವರಿಗೆ ಫೋನು ಮಾಡಿ ಬೇರೆ ದಿನ ಹೇಳಿ, ಕಂಪ್ಲಿಯ ಬಸ್ಸು ಹತ್ತಿದೆ.

ಬಾಗಿಲು ತೆಗೆದವಳು ಮಗಳು. ಖಾಸಗಿ ಶಾಲೆಯಲ್ಲಿ ಕನ್ನಡ ಕಲಿಸುತ್ತಾಳಂತೆ. ತಾಯಿಯ ಜೊತೆ ಒಂದೆರಡು ಸಲ ಕ್ಲಿನಿಕ್ಕಿಗೆ ಬಂದು ಒಳಗಿನ ಪರದೆ ಕಾಣುವ ಬೆಂಚಿನ ಮೇಲೆ ಕುಳಿತು ಪೇಪರು ತಿದ್ದುತ್ತಿದ್ದಳು. ನಾನು ಅವಳ ಮುಖ ಸರಿಯಾಗಿ ನೋಡಿರಲೇ ಇಲ್ಲ. "ಬರ್ರಿ, ಕುಂದ್ರಿ" ಎಂದಳು. ದನಿಯಲ್ಲಿ ಮರ್ಯಾದೆ ಇತ್ತು, ಬೇರೇನೂ ಇರಲಿಲ್ಲ.

"ಗಿಳಿ ನೀವಾ?" ಎಂದು ಕೇಳಿದೆ.

"ಹೌದ್ರಿ. ನಕ್ಷತ್ರನೂ ನಾನ ಕೊಟ್ಟೀನಿ."

ತಾಯಿ ಒಳಗಿನಿಂದ ಬಂದರು. ಇಳಿದುಹೋಗಿದ್ದರು. ನನ್ನ ಎದುರಿಗೆ ನೆಲದ ಮೇಲೆ ಗೋಡೆಗೆ ಒರಗಿ ಕುಳಿತರು. ಏನಾಯಿತೆಂದು ಮಗಳೇ ಹೇಳಿದಳು. ಗುಂಪಿನಲ್ಲಿದ್ದ ಒಬ್ಬಳ ಫೋನಿಗೆ ಆ ಬರಹ ಬಂದಿತ್ತು. ಟಂಟಂನಲ್ಲಿ ಹೋಗುವಾಗ ಗಟ್ಟಿಯಾಗಿ ಓದಿದ್ದಾಳೆ. ನಿಂತು ಹೋಗುವ ಭಾಗ ಬಂದಾಗ ಓದುತ್ತಿದ್ದವಳ ಬಾಯಿ ನಿಂತಿತು. ಎಲ್ಲರೂ ಹಿಂದೆ ತಿರುಗಿ ನೋಡಿದರು. ಗುಣವಾದ ಮೇಲೂ ರೂಢಿ ಬಿಡದೆ ಕಂಬಿ ಹಿಡಿದು ನಿಂತಿದ್ದವರು ಇವರೊಬ್ಬರೇ.

"ಯಾರೂ ನಗಲಿಲ್ರಿ" ಎಂದರು ತಾಯಿ, ಮಗಳ ಮಾತನ್ನು ತಡೆದು. "ನಕ್ಕಿದ್ರ ಬೈದಿರ್ತಿದ್ನಿ. ಮರುದಿನ ಗಾಡಿ ಹತ್ತಾಕ ಹೋದ್ರ, ನನ್ನ ಸಲುವಾಗಿ ಸೀಟಿನ ಮ್ಯಾಲ ಪ್ಲಾಸ್ಟಿಕ್ ಹಾಳಿ ಹಾಸಿ ಇಟ್ಟಿದ್ರು. ಕುಂದ್ರಕ್ಕಾ, ನಮಗ ಗೊತ್ತೈತಿ, ಅಂದ್ರು."

ತಾಯಿ ಸೆರಗನ್ನು ಮಡಿಲಿಗೆ ಎಳೆದುಕೊಂಡರು.

"ಭಾಳ ಪ್ರೀತಿಯಿಂದನ ಅಂದ್ರು. ನಾ ಗಾಡಿ ಹತ್ತಲಿಲ್ಲ. ಅವತ್ತಿಂದ ಹೋಗಿಲ್ಲ. ನನಗ ಈಗ ಗುಣಾ ಆಗೈತಿ, ಅಂತ ಅವರ ಮುಂದ ಹೇಳ್ಕೊಂತ ತಿರಗ್ಲೇನು?"

"ನನ್ನದು ತಪ್ಪಾಯಿತು. ನಿಮ್ಮನ್ನು ಕೇಳಬೇಕಿತ್ತು" ಎಂದೆ.

"ಕೇಳಿದ್ರ ಬ್ಯಾಡ ಅಂತಿದ್ನಿ" ಎಂದರು. ತಲೆಯೆತ್ತಿ ನೋಡಿ, "ಅದಕ್ಕ ಕೇಳಲಿಲ್ಲೇನ್ರಿ?" ಎಂದರು.

ಆ ಪ್ರಶ್ನೆಗೆ ಅವತ್ತು ಇಲ್ಲವೆಂದೆ. ಬಸ್ಸಿನಲ್ಲಿ ವಾಪಸು ಬರುವಾಗ ಅದು ಪೂರ್ತಿ ನಿಜವಲ್ಲ ಎಂದು ಗೊತ್ತಾಯಿತು. ಬರೆಯುವ ಮುನ್ನ ಒಂದು ಕ್ಷಣ ರಿಜಿಸ್ಟರಿನಲ್ಲಿ ಅವರ ನಂಬರು ಹುಡುಕಿದ್ದೆ. ನಾಟಿಯ ಸಮಯ, ಗದ್ದೆಯಲ್ಲಿರುತ್ತಾರೆ, ಫೋನು ಎತ್ತುವುದಿಲ್ಲ ಎಂದುಕೊಂಡು ಪುಟ ಮುಚ್ಚಿದ್ದೆ.

ಕತೆ ಅಲ್ಲಿಗೆ ಮುಗಿಯಲಿಲ್ಲ. ಹತ್ತು ದಿನದ ನಂತರ ಬಂದ ಹೊಸ ರೋಗಿಯೊಬ್ಬರು ಫೋನು ಚಾಚಿ, "ಇದು ನಿಮ್ಮದೋ ಆ ಗಾಜಿನ ದವಾಖಾನಿದೋ? ನಾ ಎಲ್ಲಿಗೆ ಬರ್ಬೇಕಿತ್ತು ತಿಳೀವಲ್ದು" ಎಂದರು. ನೋಡಿದರೆ ಅದೇ ಬರಹ, ಸಾಲು ಸಾಲು ನನ್ನದೇ, ಟಂಟಂ ಸಮೇತ. ಕೆಳಗೆ ಗಾಜಿನ ಕ್ಲಿನಿಕ್ಕಿನ ಹೆಸರು, ಅವರ ಫೋನು ನಂಬರು.

ಅಂದರೆ ನನ್ನ ಮೊದಲ ಅನುಮಾನವೇ ಸರಿ! ನೇರ ಅಲ್ಲಿಗೆ ಹೋದೆ. ಆ ವೈದ್ಯರು ಒಬ್ಬರ ಮೊಣಕಾಲಿಗೆ ಪಟ್ಟಿ ಸುತ್ತುತ್ತಿದ್ದರು. ನಾನು ಫೋನು ಮುಂದೆ ಹಿಡಿದೆ. ಓದಿದರು, ಮುಖ ಕೆಂಪಾಯಿತು.

"ಮೇಡಂ, ಇದು ನನ್ನ ಪೇಜಲ್ಲಿದೆ ಅಂತ ನನಗೇ ಗೊತ್ತಿಲ್ಲ. ನಾನು ವಿಡಿಯೋ ಮಾಡಿಕೊಡ್ತೀನಿ ಅಷ್ಟೇ. ಹಾಕೋದೆಲ್ಲ ಅವರೇ."

"ಯಾರು?"

ಹೆಸರು ಹೇಳಿದರು. ನನ್ನನ್ನು ಹಂಪಿಯ ಬಂಡೆ ಮುಂದೆ ನಿಲ್ಲಿಸಿದ್ದವರು.

ಊರಿನಲ್ಲಿ ಎಲ್ಲರ ಮೇಲೂ ಕಣ್ಣಿಟ್ಟಿದ್ದೆ, ಕಣ್ಣಿಡಲು ಹೇಳಿದವರೊಬ್ಬರನ್ನು ಬಿಟ್ಟು. ಅಲ್ಲಿಂದಲೇ ಇಬ್ಬರೂ ಸೇರಿ ಅವರಿಗೆ ಫೋನು ಮಾಡಿದೆವು. ಅವರಿಗೆ ನಾಚಿಕೆಯೇನೂ ಆಗಲಿಲ್ಲ.

"ಈ ಊರಾಗ ಅರ್ಧ ಮಂದೀದು ನಾನ ನೋಡ್ತೀನ್ರಿ. ಛಲೋ ಓಡಿದ್ದು ಎರಡು ಕಡೆ ಹಾಕಿದ್ರ ತಪ್ಪೇನೈತಿ? ನಿಮ್ಮ ಹೆಸರಂತೂ ಕೆಡಸಿಲ್ಲಲ್ಲ."

"ತೆಗೀರಿ" ಎಂದೆ.

"ತೆಗೀತೀನ್ರಿ. ಆದ್ರ ಅದು ಹೋಗಂಗಿಲ್ಲ. ಎಷ್ಟು ಗ್ರೂಪಿಗೆ ಹೋಗೇತೋ ಯಾರಿಗ್ಗೊತ್ತು."

ಅವರು ಹೇಳಿದ್ದರಲ್ಲಿ ಆ ಒಂದು ಮಾತು ನಿಜವಾಗಿತ್ತು. ಎಷ್ಟೋ ತಿಂಗಳ ಮೇಲೆ, ನನ್ನ ಅತ್ತಿಗೆಯೇ ಅದನ್ನು ನನಗೆ ಕಳಿಸಿದರು. ಹೆಸರು, ಊರು ಏನೂ ಇಲ್ಲ, ಕೆಳಗೆ 'ಪ್ರತಿ ಹೆಣ್ಣೂ ಓದಲೇಬೇಕು' ಎಂದು ಯಾರೋ ಸೇರಿಸಿದ್ದರು.

ಅಕ್ಕನ ಮನೆಗೆ ಹೋದದ್ದು ಒಂದು ಭಾನುವಾರ. ಸಂಡೂರಿನಲ್ಲಿ ಬದಲಿಸಿ ಹತ್ತಿದ ಬಸ್ಸು ಕೆಂಪು ಧೂಳಿನ ರಸ್ತೆಯಲ್ಲಿ ಅದಿರು ಲಾರಿಗಳ ಹಿಂದೆ ನಿಧಾನಕ್ಕೆ ಹೋಯಿತು. ಅವರು ಅಂಗಳದಲ್ಲಿ ಜೋಳ ಹಸನು ಮಾಡುತ್ತಿದ್ದರು. ಮಾಡಿದ್ದನ್ನು ನಿಲ್ಲಿಸಿ ಕುರ್ಚಿ ಹಾಕಿದರು, ಚಹಾ ಕೊಟ್ಟರು. ನಾನು ಮಾಡಿದ್ದೆಲ್ಲ ಹೇಳಿದೆ. ಬರಹ ತೆಗೆದದ್ದು, ಕಂಪ್ಲಿಗೆ ಹೋದದ್ದು. ಎಲ್ಲ ಕೇಳಿದರು. ಕಂಪ್ಲಿಯ ಮಗಳು ಅವರಿಗೆ ಮೊದಲೇ ಹೇಳಿದ್ದಳೆಂದು ಕಾಣುತ್ತದೆ.

"ವಾಪಸ್ ಬರ್ರಿ ಅಕ್ಕ" ಎಂದೆ.

"ಸಿಟ್ಟಿಲ್ರಿ ಮೇಡಂ. ಇಲ್ಲೇ ಸಾಲಿ ಆಫೀಸ್ನ್ಯಾಗ ಕೆಲಸ ಸಿಕ್ಕೈತಿ, ಬಸ್ಸಿನ ತ್ರಾಸ ಇಲ್ಲ." ಮೊರದಲ್ಲಿದ್ದ ಜೋಳವನ್ನು ಒಮ್ಮೆ ಕೇರಿದರು. "ಎಂಟು ವರ್ಷ ನಿಮ್ಮ ಪರದಿ ಹೊರಗ ಕುಂತಿದ್ನಿ. ಒಳಗಿಂದು ಎಲ್ಲಾ ಕೇಳಸ್ತಿತ್ತು. ಒಂದು ದಿನ ಮನ್ಯಾಗೂ ಹೇಳಿಲ್ಲ. ಅದು ನಿಮಗ ಗೊತ್ತೈತಿ ಅಂತ ತಿಳ್ಕೊಂಡಿದ್ನಿ."

ನನಗೆ ಬಸ್ಸಿನ ಹೊತ್ತಾಗುವವರೆಗೂ ಬೇರೆ ಮಾತಾಡಿದೆವು.

ಈಗ ಪೇಜು ನಾನೇ ನೋಡಿಕೊಳ್ಳುತ್ತೇನೆ. ಮೊಣಕಾಲಿನ ವ್ಯಾಯಾಮ, ದಿಂಬು ಇಡುವ ಕ್ರಮ, ಬಿಸಿ ಯಾವಾಗ ತಂಪು ಯಾವಾಗ. ಚಿತ್ರ ನಾನೇ ಬರೆಯುತ್ತೇನೆ, ಕೈ ಕಾಲು ಸೊಟ್ಟ. ಓದುವವರು ಮತ್ತೆ ನನ್ನ ಬಳಗದವರೇ. ಬೆಂಚು ಅರ್ಧ ತುಂಬಿರುತ್ತದೆ. ಗಾಜಿನ ಕ್ಲಿನಿಕ್ಕಿನವರು ಒಮ್ಮೊಮ್ಮೆ ಹೆಣ್ಣುಮಕ್ಕಳನ್ನು ನನ್ನ ಕಡೆ ಕಳಿಸುತ್ತಾರೆ. ಯಾಕೆ ಕಳಿಸುತ್ತಾರೆ ಎಂದು ನಾನು ಇನ್ನೂ ಯೋಚಿಸುತ್ತೇನೆ, ಆ ಚಾಳಿ ಹೋಗಿಲ್ಲ.

ಇದನ್ನು ಬರೆಯುವ ಮೊದಲು ಕಂಪ್ಲಿಗೆ ಮತ್ತೊಮ್ಮೆ ಹೋಗಿದ್ದೆ. ಮಗಳು ಪೂರ್ತಿ ಓದಿ ಹೇಳಿದಳು. ತಾಯಿ ಎರಡು ಕಡೆ ಕೈ ಎತ್ತಿ ನಿಲ್ಲಿಸಿದರು. ಆ ಎರಡು ಸಂಗತಿ ಇಲ್ಲಿಲ್ಲ. "ಉಳಿದದ್ದು ಇರ್ಲಿ. ಹೆಂಗಿದ್ರೂ ಎಲ್ಲಾರಿಗೂ ಗೊತ್ತಾಗೈತಿ, ಆದದ್ದು ಹ್ಯಾಂಗ ಅನ್ನೋದರ ಗೊತ್ತಾಗ್ಲಿ" ಎಂದರು. ನಾಟಿಗೆ ಮತ್ತೆ ಹೋಗುತ್ತಿದ್ದಾರೆ, ಬೇರೆ ಗುಂಪಿನಲ್ಲಿ, ಹಿರಿತನವಿಲ್ಲದೆ. ನನ್ನ ಕ್ಲಿನಿಕ್ಕಿಗೆ ಮಾತ್ರ ಬರುವುದಿಲ್ಲ.

ಹೋದ ತಿಂಗಳು ಅವರ ಮಗಳು ಫೋನು ಮಾಡಿ, ತನ್ನ ಸೋದರತ್ತೆಯನ್ನು ಕಳಿಸುತ್ತೇನೆ ಎಂದಳು. ಬಂದವರು ಐವತ್ತು ದಾಟಿದ ಗಟ್ಟಿ ಹೆಂಗಸು. ಮಂಚದ ಮೇಲೆ ಕುಳಿತರು. ಏನು ತೊಂದರೆ ಎಂದರೆ ಹೇಳಲಿಲ್ಲ. ಗೋಡೆ ನೋಡಿದರು, ನನ್ನ ಕೋಟಿನ ಜೇಬು ನೋಡಿದರು.

"ನಿಮ್ಮ ಫೋನ್ ಎಲ್ಲೈತ್ರಿ?" ಎಂದು ಕೇಳಿದರು.

ಜೇಬಿನಿಂದ ತೆಗೆದು ತೋರಿಸಿದೆ. ಹೊರಗಿನ ಕೋಣೆಗೆ ಹೋಗಿ ಮೇಜಿನ ಖಾನೆಯೊಳಗೆ ಇಟ್ಟು, ಅವರಿಗೆ ಕೇಳಿಸುವಂತೆ ಮುಚ್ಚಿ ಬಂದೆ. ಅವರು ಚಪ್ಪಲಿ ಬಿಚ್ಚಿ ಕಾಲು ಮೇಲೆ ತೆಗೆದುಕೊಂಡು ಹೇಳಲು ಶುರುಮಾಡಿದರು.